ಮೈ ತೊಳೆಯುವ ಜಾಗ

ಆ ಮಂಟಪಕ್ಕೆ ಜಾಗ ತೋರಿಸಿದವಳು ನಾನು. ಇದನ್ನು ಬೇರೆ ಯಾರ ತಲೆಗೂ ಕಟ್ಟುವುದಿಲ್ಲ.

ಮಲ್ಲತ್ತಹಳ್ಳಿ ಕೆರೆಯ ಹಿಂದೆ ಕಾಂತರಾಜು ಎಂಬುವವರ ಖಾಲಿ ಜಮೀನಿದೆ. ಅವರ ತಾತನ ಕಾಲದಲ್ಲಿ ಅಲ್ಲಿ ರಾಗಿ ಬೆಳೆಯುತ್ತಿತ್ತಂತೆ. ನಾನು ಹೇಳುತ್ತಿರುವ ದಿನಗಳಲ್ಲಿ ಅಲ್ಲಿ ಅವರಿಗೆ ಬಾಡಿಗೆ ಕೊಡುವ ನಲವತ್ತು ತಗಡಿನ ಶೆಡ್ಡುಗಳಿದ್ದವು. ಲಿಂಗಸುಗೂರು, ದೇವದುರ್ಗ, ಸುರಪುರದ ಕಡೆಯಿಂದ ದುಡಿಯಲು ಬಂದ ಜನ. ಗಂಡಸರು ತಾರಸಿಗೆ ಸೆಂಟ್ರಿಂಗ್ ಹಲಗೆ ಕಟ್ಟುತ್ತಿದ್ದರು. ಹೆಂಗಸರು ಕಾಂಕ್ರೀಟ್ ಹೊರುತ್ತಿದ್ದರು.

ನಾನು ಅವರವಳೇ. ನನ್ನವ್ವ ಲಿಂಗಸುಗೂರಿನಿಂದ ಬಂದು ಮೂಡಲಪಾಳ್ಯದಲ್ಲಿ ಕಲ್ಲು ಹೊತ್ತವಳು. ನಾನು ಹುಟ್ಟಿದ್ದು ಇಂಥದೇ ಶೆಡ್ಡಿನಲ್ಲಿ. ಸರ್ಕಾರಿ ಶಾಲೆಯಲ್ಲಿ ಓದಿ, ಬೆಂಗಳೂರು ಕನ್ನಡ ಕಲಿತು, ಆಮೇಲೆ ಹೇಗೋ ಇಂಗ್ಲಿಷನ್ನೂ ಕಲಿತೆ. ಅದಕ್ಕೇ ಬಸವೇಶ್ವರನಗರದ ಫೌಂಡೇಶನ್ನಿನವರು ನನ್ನನ್ನು ಕೆಲಸಕ್ಕೆ ತೆಗೆದುಕೊಂಡರು. ನನ್ನ ಗುರುತಿನ ಚೀಟಿಯ ಮೇಲೆ ಹೆಸರು ಕಲಾವತಿ, ಹುದ್ದೆ 'ಸಮುದಾಯ ಸೇತುವೆ' ಎಂದಿತ್ತು. ಶೆಡ್ಡಿನವರು ಹೇಳಿದ್ದನ್ನು ಆಫೀಸಿಗೆ ತಲುಪಿಸಬೇಕು. ಆಫೀಸಿನವರು ಹೇಳಿದ್ದನ್ನು ಶೆಡ್ಡಿಗೆ ತಲುಪಿಸಬೇಕು. ಅಷ್ಟೇ ಕೆಲಸ.

ಶೆಡ್ಡುಗಳ ನಡುವೆ ಒಂದೇ ಒಂದು ಜಾಗ ಸ್ವಲ್ಪ ಎತ್ತರವಾಗಿತ್ತು. ನೀರು ನಿಲ್ಲುತ್ತಿರಲಿಲ್ಲ. ಅಲ್ಲಿ ಹೆಂಗಸರು ತಾವೇ ಒಂದು ಬಚ್ಚಲು ಕಟ್ಟಿಕೊಂಡಿದ್ದರು. ಕೆಲಸದ ಜಾಗದಿಂದ ಒಡೆದ ಕಲ್ಲಿನ ಹಾಸುಗಳನ್ನು ಒಂದೊಂದಾಗಿ ತಲೆಯ ಮೇಲೆ ಹೊತ್ತು ತಂದಿದ್ದರು. ನಾಲ್ಕು ಸರ್ವೆ ಕಂಬ. ಸುತ್ತ ಯಾವುದೋ ರಾಜಕಾರಣಿಯ ಹುಟ್ಟುಹಬ್ಬದ ಫ್ಲೆಕ್ಸು. ಮೇಲೆ ಎರಡು ತಗಡು. ಪಕ್ಕದಲ್ಲಿ ಹುಡುಗರು ಬಾಡಿಗೆಗಿರುವ ಐದಂತಸ್ತಿನ ಪಿಜಿ ಇತ್ತು. ಅಲ್ಲಿಯ ಹುಡುಗರು ಬಾಲ್ಕನಿಯಲ್ಲಿ ನಿಂತು ಕೆಳಗೆ ನೋಡುತ್ತಿದ್ದರು. ಒಮ್ಮೆ ಒಬ್ಬ ಮೊಬೈಲು ಹಿಡಿದಿದ್ದ. ಆ ತಗಡು ಹಾಕಿದ್ದು ಅದಾದ ಮೇಲೆ.

ಕಾಂಕ್ರೀಟ್ ಹೊರುವವರಿಗೆ ಸ್ನಾನ ಸೋಂಬೇರಿತನದ ಸುಖವಲ್ಲ. ಹಸಿ ಸಿಮೆಂಟಿನ ನೀರು ತಲೆಯ ಮೇಲಿನ ಬಾಂಡ್ಲಿಯಿಂದ ಕುತ್ತಿಗೆಗೆ ಇಳಿಯುತ್ತದೆ. ಕುತ್ತಿಗೆಯಿಂದ ಬೆನ್ನಿಗೆ, ಕುಪ್ಪಸದ ಒಳಗೆ, ಎದೆಯ ಕೆಳಗೆ. ಒಣಗಿದರೆ ಸುಡುತ್ತದೆ. ತೊಳೆಯದೆ ಮಲಗಿದರೆ ಬೆಳಿಗ್ಗೆ ಚರ್ಮ ಸೀಳಿರುತ್ತದೆ. ನನ್ನವ್ವನ ಕಂಕುಳು ಸಾಯುವವರೆಗೂ ಸುಟ್ಟ ಹಪ್ಪಳದಂತಿತ್ತು. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಮಾಡಿದೆ.

ಶೆಡ್ಡಿನವರಿಗೆ ಏನೇ ಆದರೂ ಓಡುತ್ತಿದ್ದುದು ಹೊನ್ನವ್ವನ ಹತ್ತಿರ. ಐವತ್ತರ ಹೆಂಗಸು. ಮುಂಗೈಯಷ್ಟೇ ಗಟ್ಟಿ ಮಾತು. ಮೇಸ್ತ್ರಿ ಯಾರಿಗಾದರೂ ಕೈ ಹಾಕಿದರೆ ಅವಳೇ ಹೋಗಿ ನಿಲ್ಲುತ್ತಿದ್ದಳು. ನೀರಿನ ಟ್ಯಾಂಕರು ಬಂದಾಗ ಯಾರ ಕೊಡ ಮೊದಲು ಎಂದು ಅವಳೇ ಹೇಳುತ್ತಿದ್ದಳು. ಯಾರೂ ಅವಳನ್ನು ಆರಿಸಿರಲಿಲ್ಲ, ಯಾರೂ ಅವಳ ಮಾತು ಮೀರುತ್ತಲೂ ಇರಲಿಲ್ಲ.

ಫೌಂಡೇಶನ್ನಿನವರು ಮೊದಲು ಬಂದದ್ದು ಕೇಳುವುದಕ್ಕೆ. ಅದಕ್ಕೆ ಅವರು ಆಲಿಸುವ ಸಭೆ ಎನ್ನುತ್ತಿದ್ದರು. ವಚನಾ ಎಂಬ ನಮ್ಮ ಮೇಲಧಿಕಾರಿ ಚಪ್ಪಲಿ ಬಿಟ್ಟು ನೆಲದ ಮೇಲೆ ಕೂತಳು. ನನ್ನದೇ ವಯಸ್ಸು. ಕೆಟ್ಟವಳಲ್ಲ. ಕೆಟ್ಟವಳಾಗಿದ್ದರೆ ಈ ಕಥೆ ಹೇಳುವುದು ಸುಲಭವಾಗುತ್ತಿತ್ತು.

"ನಾವು ಏನನ್ನೂ ಡಿಸೈಡ್ ಮಾಡ್ಕೊಂಡು ಬಂದಿಲ್ಲ ಆಂಟಿ. ನೀವು ಹೇಳಿ. ನಿಮಗೇನು ಬೇಕು?"

ಹೊನ್ನವ್ವ ಯೋಚಿಸಲೇ ಇಲ್ಲ. "ಮೈ ತೊಳಕೊಳ್ಳಾಕ ನಾಕು ಗ್ವಾಡಿ ಬೇಕ್ರೀ. ಒಂದು ಬಾಗಲಾ. ಫ್ಲೆಕ್ಸು ಗಾಳಿಗೆ ಹಾರತೈತಿ. ಆ ಹುಡುಗ್ರು ನಗತಾವು. ಮತ್ತೇನೂ ಬ್ಯಾಡ."

"ಬೇರೆ ಏನಾದ್ರೂ? ಮಕ್ಕಳಿಗೆ? ನಿಮ್ಮ ಕನಸುಗಳು?"

"ಅದs ಹೇಳಿದ್ನೆಲ್ಲಾ. ನಾಕು ಗ್ವಾಡಿ."

ಹನ್ನೊಂದು ಹೆಂಗಸರು ಒಬ್ಬೊಬ್ಬರಾಗಿ ಅದನ್ನೇ ಹೇಳಿದರು. ನಾನು ಹಳದಿ ಚೀಟಿಗಳ ಮೇಲೆ ಹನ್ನೊಂದು ಸಲ ಬರೆದೆ: ಬಚ್ಚಲು. ವಚನಾ ಆ ಚೀಟಿಗಳನ್ನು ಬೋರ್ಡಿಗೆ ಅಂಟಿಸಿ ಫೋಟೊ ತೆಗೆದಳು.

ಆಫೀಸಿನಲ್ಲಿ ಆ ಹನ್ನೊಂದು ಚೀಟಿಗಳು ಒಂದಾದವು. ಅದರ ಮೇಲೆ ಇಂಗ್ಲಿಷಿನಲ್ಲಿ 'ಘನತೆ' ಎಂದು ಬರೆದರು. ಮರುವಾರ 'ಘನತೆ' ಹೋಗಿ 'ಘನತೆಯ ತಾಣ' ಆಯಿತು. ಆ ವರ್ಷ ದುಡ್ಡು ಕೊಡುವ ಕಂಪನಿಯವರು ಬಚ್ಚಲಿಗೆ ಕೊಡುವುದಿಲ್ಲ, ಜನರ ದನಿ ಮತ್ತು ನಾಯಕತ್ವಕ್ಕೆ ಕೊಡುತ್ತಾರೆ ಎಂದು ಗೊತ್ತಾಯಿತು. ಒಂದು ತಿಂಗಳಲ್ಲಿ ಆರ್ಕಿಟೆಕ್ಟ್ ಚಿತ್ರ ಬರೆದು ತಂದ. ಬಿದಿರಿನ ದುಂಡನೆಯ ಮಂಟಪ. ಗೋಡೆ ಇಲ್ಲ. ನಾಲ್ಕೂ ಕಡೆ ತೆರೆದಿದೆ. ಜನ ಸುತ್ತ ಕೂತು ತಮ್ಮ ಸಮಸ್ಯೆಗಳನ್ನು ಮಾತಾಡುವ ಜಾಗ.

"ಮೇಡಂ, ಅವರು ಕೇಳಿದ್ದು ಬಚ್ಚಲು," ಎಂದೆ.

"ಗೊತ್ತು ಕಲಾ. ಅದು ಫೇಸ್ ಟೂನಲ್ಲಿದೆ, ಎರಡನೇ ಹಂತದಲ್ಲಿ. ಗೋಡೆಗೆ ಜಮೀನಿನವರು ಬೇರೆ ಒಪ್ತಿಲ್ಲ ಕಣೇ."

ಅದು ನಿಜ. ಕಾಂತರಾಜು ನನ್ನ ಮುಂದೆಯೇ ಹೇಳಿದ್ದರು: "ನೋಡಮ್ಮ, ಗೋಡೆ ಅಂತ ಎದ್ರೆ ಅವರು ಅಲ್ಲೇ ಉಳ್ಕೋತಾರೆ. ಆಮೇಲೆ ನಾನು ಕೋರ್ಟಿಗೆ ಅಲೀಬೇಕು. ಬಿದಿರು ಗಿದಿರು ಆದ್ರೆ ಮಾಡ್ಕೊಳ್ಳಿ. ನಾಳೆ ಕಿತ್ತಾಕಬಹುದು."

ಮಂಟಪಕ್ಕೆ ನೀರು ನಿಲ್ಲದ ಜಾಗ ಬೇಕಿತ್ತು. ಅಂಥದು ಒಂದೇ ಇತ್ತು. ಆರ್ಕಿಟೆಕ್ಟ್ ನನ್ನನ್ನು ಕೇಳಿದ. ನಾನು ಕೈ ತೋರಿಸಿದೆ. ಎರಡೇ ವಾರ, ಆಮೇಲೆ ಪಕ್ಕದಲ್ಲಿ ಒಳ್ಳೆಯ ಬಚ್ಚಲು ಬರುತ್ತದೆ ಎಂದು ಹೆಂಗಸರಿಗೆ ಹೇಳಿದೆ. ಹಾಗಂತ ನನಗೆ ಯಾರೂ ಹೇಳಿರಲಿಲ್ಲ. ಹೊನ್ನವ್ವ ನನ್ನ ಮುಖವನ್ನೇ ನೋಡಿದಳು.

"ನೀ ನಮ್ಮಾಕಿ. ನೀ ಹೇಳಿದಿ ಅಂದ್ರ ಆತು ಬಿಡವ್ವಾ," ಎಂದಳು.

ತಾವು ಹೊತ್ತು ತಂದಿದ್ದ ಕಲ್ಲುಗಳನ್ನು ತಾವೇ ಎಬ್ಬಿಸಿದರು.

ಎರಡು ವಾರ ಎರಡೂವರೆ ತಿಂಗಳಾಯಿತು. ಹೆಂಗಸರು ಶೆಡ್ಡಿನ ಒಳಗೇ, ಒಲೆಯ ಪಕ್ಕ, ಸೀರೆ ಸುತ್ತಿಕೊಂಡೇ ಎರಡು ಚೊಂಬು ಸುರಿದುಕೊಳ್ಳತೊಡಗಿದರು. ಮಣ್ಣಿನ ನೆಲ ಕೆಸರಾಯಿತು. ಆ ಕೆಸರಿನ ಮೇಲೆ ಗೋಣಿಚೀಲ ಹಾಸಿ ಮಲಗಿದರು. ಕೆಲವರು ಸ್ನಾನವನ್ನೇ ಬಿಟ್ಟರು. ಹೊನ್ನವ್ವನ ಕುತ್ತಿಗೆಯ ಹಿಂದೆ ಅಂಗೈಯಗಲ ಚರ್ಮ ಕಿತ್ತು ಬಂತು. ಅದರ ಮೇಲೆ ಕೊಬ್ಬರಿ ಎಣ್ಣೆ ಹಚ್ಚಿ ಮತ್ತೆ ಬಾಂಡ್ಲಿ ಹೊತ್ತಳು.

ನಾನು ವಾರಕ್ಕೆರಡು ಸಲ ಹೋಗುತ್ತಿದ್ದೆ. ನಾಯಕತ್ವ ತರಬೇತಿ ಕೊಡುತ್ತಿದ್ದೆ. ನಮ್ಮ ಹಕ್ಕುಗಳನ್ನು ಧೈರ್ಯವಾಗಿ ಕೇಳುವುದು ಹೇಗೆ ಎಂಬುದು ಮೂರನೆಯ ಪಾಠ.

ಆ ದಿನಗಳಲ್ಲೇ ಸುವರ್ಣಾ ಹೆತ್ತಳು. ಇಪ್ಪತ್ತೆರಡರ ಹುಡುಗಿ. ಚೊಚ್ಚಲು. ಗಂಡ ಅಮರೇಶ ಸೆಂಟ್ರಿಂಗ್ ಕೆಲಸದವನು. ಹೊಟ್ಟೆ ಕೊಯ್ದು ಮಗು ತೆಗೆದರು. ಗಂಡುಮಗು. ಐದನೆಯ ದಿನ ಆಸ್ಪತ್ರೆಯವರು ಹಾಸಿಗೆ ಬೇಕೆಂದು ಕಳಿಸಿದರು. ಹೊಲಿಗೆ ಚೊಕ್ಕಟವಾಗಿಟ್ಟುಕೊಳ್ಳಿ, ತೇವ ಆಗಬಾರದು ಎಂದು ಚೀಟಿಯಲ್ಲಿ ಬರೆದುಕೊಟ್ಟರು. ಆ ಚೀಟಿಯನ್ನು ಓದಿ ಹೇಳಿದ್ದು ನಾನು. ಕೆಸರು ನೆಲದ ಶೆಡ್ಡಿನಲ್ಲಿ ನಿಂತುಕೊಂಡು ಓದಿದೆ.

ಸುವರ್ಣಾಳಿಗೆ ಬಗ್ಗಲು ಆಗುತ್ತಿರಲಿಲ್ಲ. ರಕ್ತ ಹೋಗುತ್ತಿತ್ತು. ತೊಳೆದುಕೊಳ್ಳಲು ಜಾಗವಿರಲಿಲ್ಲ. ಹಗಲು ಹೊರಗೆ ಕೂರುವಂತಿಲ್ಲ, ಮೇಲೆ ಪಿಜಿ ಹುಡುಗರು. ಒಳಗೆ ಮಾವ, ಮೈದುನ, ಗಂಡ. ಹೊನ್ನವ್ವ ಬೆಳಗಿನ ಜಾವ ಎದ್ದು ನೀರು ಕಾಯಿಸಿ, ಇಬ್ಬರು ಹೆಂಗಸರ ಕೈಗೆ ಸೀರೆ ಹಿಡಿಸಿ, ನಿಲ್ಲಿಸಿಯೇ ಕಾಲು ತೊಳೆಸುತ್ತಿದ್ದಳು. ಒಂದು ದಿನ ಗಾಳಿಗೆ ಸೀರೆ ಹಾರಿತು. ಮೇಲಿನಿಂದ ಯಾರೋ ಸಿಳ್ಳೆ ಹಾಕಿದರು. ಆವತ್ತಿನಿಂದ ಸುವರ್ಣಾ ಹೊರಗೆ ಬರಲಿಲ್ಲ.

"ನನಗ ಬ್ಯಾಡ ಚಿಗವ್ವಾ. ನಾ ಹಿಂಗs ಇರತೀನಿ," ಎಂದು ಹೊನ್ನವ್ವನಿಗೆ ಹೇಳಿ ತಗಡಿನ ಕಡೆ ತಿರುಗಿ ಮಲಗಿದಳು.

ಹನ್ನೆರಡನೆಯ ದಿನ ಅವಳ ಮೈ ಕಾದ ತಗಡಿನಂತಾಗಿತ್ತು. ಹೊಲಿಗೆಯಿಂದ ಕೀವು. ವಾಸನೆ. ಅಮರೇಶ ಅವಳನ್ನು ಆಟೋದಲ್ಲಿ ಹಾಕಿಕೊಂಡ. ಹೊನ್ನವ್ವ ಮಗು ಎತ್ತಿಕೊಂಡಳು. ನಾನು ಹಿಂದೆ ಇನ್ನೊಂದು ಆಟೋದಲ್ಲಿ ಹೋದೆ.

ವಾರ್ಡಿನಲ್ಲಿ ಡ್ಯೂಟಿ ನರ್ಸು ಬಟ್ಟೆ ಸರಿಸಿ ಮೂಗು ಮುಚ್ಚಿದಳು. "ಎಷ್ಟು ದಿನ ಆಯ್ತಮ್ಮಾ ಸ್ನಾನ ಮಾಡಿ? ಏನ್ ಜನಾನೋ. ಮಕ್ಕಳು ಮಾತ್ರ ಬೇಕು, ಒಂದು ಚೊಂಬು ನೀರು ಹಾಕ್ಕೊಳೋಕಾಗಲ್ವಾ? ಗಲೀಜು!"

ಇಡೀ ವಾರ್ಡು ತಿರುಗಿ ನೋಡಿತು. ಸುವರ್ಣಾ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಯಾವ ಮೇಸ್ತ್ರಿಗೂ ಸೋಲದ ಹೊನ್ನವ್ವ ನೆಲ ನೋಡುತ್ತ ನಿಂತಳು. ಆಮೇಲೆ ತಲೆ ಎತ್ತಿ ನೋಡಿದ್ದು ನರ್ಸನ್ನಲ್ಲ, ನನ್ನನ್ನು. ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು.

ಎರಡು ದಿನ ಬಿಟ್ಟು ಮಂಟಪದ ಉದ್ಘಾಟನೆ.

ಶನಿವಾರ ಮಧ್ಯಾಹ್ನ. ಬಿದಿರಿಗೆ ಮಲ್ಲಿಗೆ, ಚೆಂಡುಹೂವು ಸುತ್ತಿದ್ದರು. ಕಂಪನಿಯವರು ಆರು ಜನ ಬಂದರು. ಅವರಲ್ಲಿ ದೊಡ್ಡವರೊಬ್ಬರು ದೆಹಲಿಯಿಂದ ಬಂದಿದ್ದರು, ಬಿಳಿ ಕೂದಲು, ಕನ್ನಡ ಬಾರದು. ಕ್ಯಾಮೆರಾದವರು ಇಬ್ಬರು. ಕಾಂತರಾಜು ಇಸ್ತ್ರಿ ಬಟ್ಟೆ ಹಾಕಿಕೊಂಡು ಮುಂದಿನ ಕುರ್ಚಿಯಲ್ಲಿದ್ದರು. ಹೊನ್ನವ್ವನಿಗೆ 'ಸಮುದಾಯ ನಾಯಕಿ' ಎಂಬ ಬ್ಯಾಡ್ಜು ಹಾಕಿದ್ದರು. ಅವಳು ಬೆಳಗಿನ ಅರ್ಧ ಪಾಳಿ ಮುಗಿಸಿ ನೇರ ಬಂದಿದ್ದಳು. ಕೂದಲಲ್ಲಿ ಸಿಮೆಂಟು ಇತ್ತು. ವಚನಾ ಒಂದು ಒದ್ದೆ ಟಿಶ್ಯೂ ಕೊಟ್ಟಳು.

"ಆಂಟಿ, ಒಂದೇ ಸೆಂಟೆನ್ಸ್. ನಮ್ಮ ಮಾತು ಕೇಳಿಸಿಕೊಂಡ್ರು, ನಮ್ಮ ಜಾಗ ನಾವೇ ಮಾಡ್ಕೊಂಡ್ವಿ ಅನ್ನಿ. ಅಷ್ಟು ಸಾಕು."

ಹೊನ್ನವ್ವ ತಲೆ ಆಡಿಸಿದಳು. ನಾನು ಅವಳ ಪಕ್ಕ ನಿಂತೆ. ಅವಳು ಹೇಳಿದ್ದನ್ನು ಇಂಗ್ಲಿಷಿಗೆ ತರುವುದು ನನ್ನ ಕೆಲಸ.

ದೆಹಲಿಯವರು ಕೈ ಮುಗಿದು ಕೇಳಿದರು. ಪ್ರಾಮಾಣಿಕವಾಗಿಯೇ ಕೇಳಿದರು. ಈ ಜಾಗ ಬಂದ ಮೇಲೆ ನಿಮ್ಮ ಬದುಕಿನಲ್ಲಿ ಏನು ಬದಲಾಯಿತು ತಾಯೀ? ನಾನು ಕನ್ನಡದಲ್ಲಿ ಹೇಳಿದೆ.

ಹೊನ್ನವ್ವ ಕಾಲಡಿಯ ನೆಲ ತೋರಿಸಿದಳು.

"ಇಲ್ಲಿ ನಮ್ಮ ಬಚ್ಚಲ ಇತ್ತು," ಎಂದಳು. "ನಾವs ಕಟ್ಟಿದ್ದು. ಏನ್ ಬೇಕು ಅಂತ ಕೇಳಿದ್ರಿ. ಬಚ್ಚಲಕ ಗ್ವಾಡಿ ಕೊಡ್ರಿ ಅಂದ್ವಿ. ಇದ್ದ ಬಚ್ಚಲ ಕಿತ್ತು ಇದನ್ನ ಇಟ್ರಿ. ನಮ್ಮ ಹುಡುಗಿ ಹೊಟ್ಟಿ ಕೊಳೆತು ದವಾಖಾನಿಗೆ ಬಿದ್ದಾಳ. ಇಷ್ಟು ಬದಲಾತು ನೋಡ್ರಿ."

ವಚನಾ ನನ್ನ ಮೊಣಕೈ ಹಿಡಿದಳು. ಮೆಲ್ಲಗೆ ಅಂದಳು: "ಕಲಾ, ಪ್ಲೀಸ್. ಥ್ಯಾಂಕ್ಸ್ ಹೇಳ್ತಿದಾರೆ ಅಂದ್ಬಿಡು. ನಾಳೆ ಎಲ್ಲ ಸರಿ ಮಾಡೋಣ. ಈ ಜನಕ್ಕೆ ಫೇಸ್ ಟೂ ಬೇಡ್ವಾ?"

ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು. ನನ್ನ ಕೆಲಸ, ಮೂಡಲಪಾಳ್ಯದ ಮನೆ ಬಾಡಿಗೆ, ಅವ್ವ ಸತ್ತ ಮೇಲೆ ಒಬ್ಬಳೇ ಕಟ್ಟಿಕೊಂಡ ಬದುಕು, ಎಲ್ಲ ಆ ಒಂದು ಮಾತಿನ ಮೇಲೆ ನಿಂತಿತ್ತು. ಮೂರು ವರ್ಷದಿಂದ ನಾನು ಇವರ ಮಾತನ್ನು ತೊಳೆದು, ಮಡಿಸಿ, ಇಸ್ತ್ರಿ ಹಾಕಿ ಆಫೀಸಿಗೆ ಕೊಟ್ಟಿದ್ದೆ. ಹಸಿವು ಎಂದರೆ ಪೌಷ್ಟಿಕತೆ ಎಂದಿದ್ದೆ. ಮೇಸ್ತ್ರಿ ಹೊಡೆದ ಎಂದರೆ ಕೆಲಸದ ಜಾಗದ ಸವಾಲು ಎಂದಿದ್ದೆ.

ಆವತ್ತು ಹಾಗೆ ಮಾಡಲಿಲ್ಲ. ಹೊನ್ನವ್ವ ಹೇಳಿದ್ದನ್ನು ಒಂದೊಂದೇ ಮಾತಾಗಿ ಇಂಗ್ಲಿಷಿನಲ್ಲಿ ಹೇಳಿದೆ. ಹೊಟ್ಟೆ ಕೊಳೆತಿದೆ ಎಂಬುದನ್ನೂ ಹಾಗೇ ಹೇಳಿದೆ. ಕೊನೆಗೆ ನನ್ನದೂ ಒಂದು ಮಾತು ಸೇರಿಸಿದೆ: "ಜಾಗ ತೋರಿಸಿದವಳು ನಾನು."

ಯಾರೂ ಚಪ್ಪಾಳೆ ತಟ್ಟಲಿಲ್ಲ. ದೆಹಲಿಯವರ ಮುಖ ಬಿಳಿಚಿತು. ಕ್ಯಾಮೆರಾದವರು ಕ್ಯಾಮೆರಾ ಕೆಳಗಿಳಿಸಿದರು.

ಹೊನ್ನವ್ವ ಬ್ಯಾಡ್ಜು ಬಿಚ್ಚಿ ಮೇಜಿನ ಮೇಲಿಟ್ಟಳು. ತಿರುಗಿ ಶೆಡ್ಡುಗಳ ಕಡೆ ಕೈ ಬೀಸಿದಳು. ಹೆಂಗಸರು ಬಂದರು. ನಾಲ್ವರು, ಆಮೇಲೆ ಹತ್ತು ಜನ, ಆಮೇಲೆ ಎಲ್ಲರೂ. ಕೈಯಲ್ಲಿ ಸೀರೆಗಳು. ಹೂವು ಸುತ್ತಿದ ಬಿದಿರಿಗೆ ಸೀರೆ ಕಟ್ಟಿದರು. ಮಂಟಪದ ಸುತ್ತ ಗೋಡೆ ಎದ್ದಿತು. ಒಬ್ಬಳು ಎರಡು ಬಕೆಟ್ ನೀರು ತಂದಿಟ್ಟಳು. ಹೊನ್ನವ್ವ ಒಳಗೆ ಹೋದಳು.

ಹೊರಗೆ ನಿಂತವರಿಗೆ ಚೊಂಬಿನ ಸದ್ದು ಕೇಳಿಸಿತು. ನೀರು ಸೀರೆಯ ಕೆಳಗಿನಿಂದ ಹರಿದು ಬಂತು. ಬೂದುಬಣ್ಣದ ಸಿಮೆಂಟಿನ ನೀರು. ಕುರ್ಚಿಗಳ ಕಾಲಿಗೆ ಬಂತು. ಅತಿಥಿಗಳು ಒಬ್ಬೊಬ್ಬರಾಗಿ ಎದ್ದರು. ಅವಳಾದ ಮೇಲೆ ಇನ್ನೊಬ್ಬಳು ಹೋದಳು, ಮತ್ತೊಬ್ಬಳು ಹೋದಳು. ಯಾರೂ ಕೂಗಲಿಲ್ಲ, ಘೋಷಣೆ ಹಾಕಲಿಲ್ಲ. ಸರತಿಯಲ್ಲಿ ನಿಂತು ಮೈ ತೊಳೆದುಕೊಂಡರು.

ವಚನಾ ಕಾರಿನ ಹತ್ತಿರ ಅಳುತ್ತ ನಿಂತಿದ್ದಳು. "ನಾನು ಆಫೀಸಲ್ಲಿ ಇದಕ್ಕೆ ಎಷ್ಟು ಫೈಟ್ ಮಾಡಿದೀನಿ ಗೊತ್ತಾ ನಿಂಗೆ? ಇನ್ನು ಒಬ್ಬರೂ ಈ ಜಾಗಕ್ಕೆ ಒಂದು ಇಟ್ಟಿಗೆ ಕೊಡಲ್ಲ. ಹಾಳು ಮಾಡ್ಬಿಟ್ಯಲ್ಲೇ."

ನನ್ನ ಗುರುತಿನ ಚೀಟಿಯನ್ನು ಅಲ್ಲೇ ಕೊಟ್ಟೆ.

ಪಿಜಿಯ ಯಾವನೋ ಬಾಲ್ಕನಿಯಿಂದ ಎಲ್ಲವನ್ನೂ ಚಿತ್ರೀಕರಿಸಿದ್ದ. ಸಂಜೆಯೊಳಗೆ ಅದು ಎಲ್ಲರ ಮೊಬೈಲಿನಲ್ಲಿತ್ತು. ವಿಡಿಯೋದ ಕೆಳಗೆ ಜನ, ಜಾಗ ಯಾರದು, ಅನುಮತಿ ಇದೆಯೇ, ಬಾಡಿಗೆ ಯಾರಿಗೆ ಹೋಗುತ್ತದೆ ಎಂದು ಬರೆದರು. ಕಾಂತರಾಜು ಭಾನುವಾರ ಬೆಳಿಗ್ಗೆ ಬಂದರು. ಕಿರುಚಾಡಲಿಲ್ಲ. ಸುಸ್ತಾದವರಂತೆ ಮಾತಾಡಿದರು.

"ನಾಳೆ ಕಾರ್ಪೊರೇಶನ್ನವರು ಬಂದು ನನ್ನ ಕೇಳ್ತಾರೆ. ನಂಗೆ ಬೇಡ ಈ ತಲೆನೋವು. ಖಾಲಿ ಮಾಡಿ."

"ಎಲ್ಲಿಗೆ ಹೋಗೂಣ್ರೀ?" ಎಂದು ಅಮರೇಶ ಕೇಳಿದ.

"ಅದು ನನ್ನ ಕೇಳಿದ್ರೆ ಹೆಂಗಪ್ಪಾ?"

ಸೋಮವಾರ ಕಾಂತರಾಜು ಕಳಿಸಿದ ಜೆಸಿಬಿ ಬಂತು. ನಾನೂ ಹೋಗಿದ್ದೆ. ತಗಡು ಎಳೆಯುವುದು, ಪಾತ್ರೆ ಕಟ್ಟುವುದು, ಮಕ್ಕಳನ್ನು ಹಿಡಿದುಕೊಳ್ಳುವುದು. ಯಾರೂ ನನ್ನ ಜೊತೆ ಮಾತಾಡಲಿಲ್ಲ. ಕೆಲವರು ಕೆಂಗೇರಿಯ ಆಚೆ ಮೇಸ್ತ್ರಿ ತೋರಿಸಿದ ಜಾಗಕ್ಕೆ ಹೋದರು. ಕೆಲವರು ಊರಿನ ಬಸ್ಸು ಹತ್ತಿದರು. ನಾನು ಹೊನ್ನವ್ವನ ಮೂಟೆಗೆ ಕೈ ಹಾಕಿದೆ. ಅವಳು ಕಿತ್ತುಕೊಂಡಳು.

"ನಾ ಹೇಳಿದ್ದನ್ನ ಹಂಗs ಹೇಳಿದ್ಯಲ್ಲಾ, ಅದು ಚಲೋ ಆತು. ಆದ್ರ ಎರಡೂವರಿ ತಿಂಗಳ ಹಿಂದ ಹೇಳಬೇಕಾಗಿತ್ತು ನೀ. ಈಗ ನಲವತ್ತು ಮನಿ ಹೋದ್ವು. ನಾ ನಿನಗ ಶಾಣ್ಯಾಕಿ ಅನ್ನಂಗಿಲ್ಲ."

ಮೂಟೆಯನ್ನು ತಲೆಗೇರಿಸಿಕೊಂಡು ಹೋದಳು. ಮಂಟಪ ಮಾತ್ರ ನಿಂತಿತ್ತು. ಜೆಸಿಬಿಯವನು ಅದನ್ನು ಕೊನೆಗೆ ತಳ್ಳಿದ.

ಬುಧವಾರ ಸುವರ್ಣಾಳನ್ನು ಆಸ್ಪತ್ರೆಯಿಂದ ಬಿಟ್ಟರು. ಜ್ವರ ಇಳಿದಿತ್ತು. ಎದೆಹಾಲು ಬತ್ತಿತ್ತು. ಶೆಡ್ಡು ಹೋದದ್ದನ್ನು ಅವಳಿಗೆ ಯಾರೂ ಹೇಳಿರಲಿಲ್ಲ. ಅಮರೇಶ ಗೇಟಿನಲ್ಲಿ ಮಗು ಹಿಡಿದು ನಿಂತು, "ಅಕ್ಕಾ, ಇಕೀನ ಎಲ್ಲಿಗೆ ಒಯ್ಯಲಿ?" ಎಂದು ನನ್ನನ್ನು ಕೇಳಿದಾಗ ಅವಳಿಗೆ ಗೊತ್ತಾಯಿತು. ಅಳಲಿಲ್ಲ. ಗೇಟಿನ ಕಂಬಕ್ಕೆ ಒರಗಿದಳು.

ಮೂಡಲಪಾಳ್ಯದ ನನ್ನ ಒಂದು ಕೋಣೆಯ ಮನೆಗೆ ಅವರನ್ನು ಕರೆದುಕೊಂಡು ಬಂದೆ. ಮನೆ ಮಾಲೀಕ ಮುನಿರಾಮಯ್ಯ ಮೇಲಿನ ಅಂತಸ್ತಿನಲ್ಲಿದ್ದಾರೆ. ಹೊನ್ನವ್ವ ಕೆಂಗೇರಿಯಿಂದ ಎರಡು ಬಸ್ಸು ಬದಲಿಸಿ ಬಂದಿದ್ದಳು, ನನ್ನನ್ನು ನೋಡಲಿಕ್ಕಲ್ಲ, ಬಾಣಂತಿಗೆ ನೀರು ಹಾಕಲಿಕ್ಕೆ. ಈಗ ಸ್ನಾನ ಮಾಡಬಹುದು, ಆಮೇಲೆ ಹೊಲಿಗೆ ಒಣಗಿಸಿಕೊಳ್ಳಿ ಎಂದು ಡಾಕ್ಟರು ಹೇಳಿದ್ದರು. ಹೊನ್ನವ್ವ ಬಚ್ಚಲ ಒಳಗೆ ಬರುತ್ತೇನೆಂದಳು. ಸುವರ್ಣಾ ಬೇಡವೆಂದಳು. ಒಬ್ಬಳೇ ಹೋಗಿ ಬಾಗಿಲು ಹಾಕಿಕೊಂಡಳು.

ನಲ್ಲಿ ತಿರುಗಿದ ಸದ್ದಾಯಿತು. ಬಹಳ ಹೊತ್ತು ನೀರು ಬಿತ್ತು. ನಡುವೆ ಅವಳು ಅತ್ತದ್ದು ಕೇಳಿಸಿತು. ಕರೆಯಲೆಂದು ನಾನು ಎದ್ದೆ. ಹೊನ್ನವ್ವ ಕಣ್ಣಿನಲ್ಲೇ ಕೂರಿಸಿದಳು. ಅಮರೇಶ ಬಾಟಲಿಯಿಂದ ಮಗುವಿಗೆ ಹಾಲು ಕುಡಿಸುತ್ತಿದ್ದ. ಮಗು ಕುಡಿಯದೆ ಮುಖ ತಿರುಗಿಸುತ್ತಿತ್ತು.

ಮೇಲಿನಿಂದ ಮುನಿರಾಮಯ್ಯನವರ ದನಿ ಬಂತು. "ಏನಮ್ಮಾ ಕಲಾವತಿ, ಎಷ್ಟು ಜನ ಇದೀರಾ ಕೆಳಗೆ? ಅರ್ಧ ಗಂಟೆಯಿಂದ ನಲ್ಲಿ ಬಿಟ್ಟಿದೀರಾ! ಒಬ್ಬರಿಗೆ ಅಂತ ಮನೆ ಕೊಟ್ಟಿದ್ದು ನಾನು!"

"ಬಾಣಂತಿ ಇದಾಳೆ ಸಾರ್. ಈಗ ಆಯ್ತು," ಎಂದು ಕೂಗಿದೆ.

ತಾರಸಿಯ ಮೇಲೆ ಹೆಜ್ಜೆ ಸದ್ದಾಯಿತು. ಟ್ಯಾಂಕಿನ ವಾಲ್ವು ತಿರುಗಿಸಿದ ಸದ್ದು. ಒಳಗೆ ನೀರು ಸಣ್ಣಗಾಯಿತು. ತೊಟ್ಟಿಕ್ಕಿತು. ನಿಂತಿತು.

ಬಾಗಿಲ ಹಿಂದಿನಿಂದ ಸುವರ್ಣಾ ಅಂದಳು: "ಚಿಗವ್ವಾ, ನೀರು ನಿಂತ್ವು. ತಲಿತುಂಬ ಸಾಬಾನ ನೊರಿ ಐತಿ."

ಹೊನ್ನವ್ವ ಎದ್ದಳು. ಮೂಲೆಯಲ್ಲಿದ್ದ ಖಾಲಿ ಬಕೆಟ್ ಎತ್ತಿಕೊಂಡಳು. ನನ್ನನ್ನು ಕೇಳಲಿಲ್ಲ, ನೋಡಲೂ ಇಲ್ಲ. ಹೊರಗೆ ಹೋಗಿ ತಾರಸಿಯ ಮೆಟ್ಟಿಲು ಹತ್ತತೊಡಗಿದಳು. ನಾನು ಇನ್ನೊಂದು ಬಕೆಟ್ ತೆಗೆದುಕೊಂಡು ಅವಳ ಹಿಂದೆ ಹತ್ತಿದೆ.